ಎರಡು ಮುಖದ ಸಾಣೆಕಲ್ಲು: ಈಳಿಗೆಗೆ ಸಾಕು, ಚಾಕುವಿಗೆ ಸಾಲದು

ಖಂಡೇನವಮಿಗೆ ಕಬ್ಬಿಣದ ಸಾಮಾನುಗಳನ್ನೆಲ್ಲ ತೊಳೆದು ಪೂಜೆಗೆ ಇಡುವ ಮೊದಲು ಅವುಗಳಿಗೆ ಸಾಣೆ ಹಿಡಿಸುವುದು ನಮ್ಮ ಮನೆಯ ರೂಢಿ. ಎರಡು ವರ್ಷದ ಹಿಂದೆ ಹಾಗೆ ವಿದ್ಯುತ್ ಸಾಣೆಚಕ್ರಕ್ಕೆ ಕೊಟ್ಟಿದ್ದ ಕಾರ್ಬನ್ ಉಕ್ಕಿನ ಚಾಕು ಮರಳಿ ಬಂದಾಗ ಅದರ ತುದಿ ಬೆರಳಗಲದಷ್ಟು ನೀಲಿಗಟ್ಟಿತ್ತು. ಇಂಥ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾಯ್ದಾಗ ಆ ಬಣ್ಣ ತಾಳುತ್ತದೆ. ಅಡುಗೆ ಚಾಕುಗಳಿಗೆ ಹದ ಕೊಡುವುದು ಸಾಮಾನ್ಯವಾಗಿ 200 ಡಿಗ್ರಿಯ ಆಸುಪಾಸಿನಲ್ಲಿ; ಅದಕ್ಕಿಂತ ಬಹಳ ಹೆಚ್ಚು ಕಾಯ್ದರೆ ಉಕ್ಕು ಮೆತ್ತಗಾಗುತ್ತದೆ. ಹದ ಇಳಿದ ಆ ತುದಿಯನ್ನು ಎಷ್ಟು ಮಸೆದರೂ ನಾಲ್ಕು ದಿನಕ್ಕೆ ಮೊಂಡಾಗತೊಡಗಿತು. ಹೀಗಾಗಿ ಕಳೆದ ವರ್ಷ ಬೆಳಗಾವಿಯ ರವಿವಾರ ಪೇಟೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ 220 ರೂಪಾಯಿ ಕೊಟ್ಟು ಎರಡು ಮುಖದ ಕಾರ್ಬೊರಂಡಂ ಸಾಣೆಕಲ್ಲನ್ನು ತಂದೆ. ಉದ್ದ ಎಂಟು ಇಂಚು, ಅಗಲ ಎರಡು ಇಂಚು, ದಪ್ಪ ಒಂದು ಇಂಚು. ಒಂದು ಮುಖ ಒರಟು, ಇನ್ನೊಂದು ನಯ.

ಕಾರ್ಬೊರಂಡಂ ಎಂದರೆ ಸಿಲಿಕಾನ್ ಕಾರ್ಬೈಡ್. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಜೇಡಿಮಣ್ಣನ್ನೂ ಕೋಕ್ ಪುಡಿಯನ್ನೂ ವಿದ್ಯುತ್ತಿನಿಂದ ಕಾಯಿಸುವಾಗ ಕಂಡುಕೊಂಡ ಈ ಹರಳುಗಳು ಉಕ್ಕಿಗಿಂತ ಎಷ್ಟೋ ಗಡಸಾದವು. ಆದ್ದರಿಂದಲೇ ಬಚ್ಚಲಿನ ಕಲ್ಲಿಗೆ ಅರ್ಧ ತಾಸು ತಿಕ್ಕಿ ಆಗದ ಕೆಲಸ ಇದರ ಒರಟು ಮುಖದ ಮೇಲೆ ಹತ್ತು ನಿಮಿಷದಲ್ಲಿ ಆಗುತ್ತದೆ. ಅಂಗಡಿಯವರು ಕೊಡುವಾಗಲೇ "ಒಣಾ ತಿಕ್ಕಬ್ಯಾಡ್ರಿ, ನೀರಾಗ ನೆನಸಿ ತಿಕ್ಕರಿ" ಎಂದಿದ್ದರು, ಮತ್ತು ಆ ಮಾತು ನಿಜ: ಗುಳ್ಳೆ ಏಳುವುದು ನಿಲ್ಲುವ ತನಕ ನೀರಿನಲ್ಲಿಟ್ಟರೆ ಉಕ್ಕಿನ ಪುಡಿ ಕಲ್ಲಿನ ರಂಧ್ರಗಳಲ್ಲಿ ಕೂಡದೆ ತೊಳೆದುಹೋಗುತ್ತದೆ. ಅಡುಗೆ ಎಣ್ಣೆಯನ್ನಂತೂ ಹಾಕಲೇಬಾರದು; ಅದು ಒಣಗಿ ಅಂಟಾಗಿ ಕಲ್ಲಿನ ಬಾಯಿ ಕಟ್ಟುತ್ತದೆ.

ಮಸೆಯುವಾಗ ಬಹಳ ಜನ ತಪ್ಪುವುದು ಕೋನದಲ್ಲಿ. ಅಡುಗೆ ಚಾಕುವಿಗೆ ಪ್ರತಿ ಮಗ್ಗುಲಿಗೆ 15ರಿಂದ 20 ಡಿಗ್ರಿ ಸರಿಯಾದದ್ದು. ಅಲಗು ನಾಲ್ಕು ಸೆಂಟಿಮೀಟರ್ ಅಗಲವಿದ್ದರೆ ಅದರ ಬೆನ್ನನ್ನು ಕಲ್ಲಿನಿಂದ ಒಂದು ಸೆಂಟಿಮೀಟರ್‌ನಷ್ಟು ಎತ್ತಿ ಹಿಡಿದರೆ 15 ಡಿಗ್ರಿ ಸಿಗುತ್ತದೆ, ಅಳೆಯುವ ಬೇರೆ ಸಾಧನ ಬೇಕಾಗುವುದಿಲ್ಲ. ಆ ಎತ್ತರ ಕದಲದಂತೆ ಒಂದೇ ಮಗ್ಗುಲನ್ನು ಉಜ್ಜುತ್ತ ಹೋದರೆ ಸ್ವಲ್ಪ ಹೊತ್ತಿನಲ್ಲಿ ಎದುರು ಮಗ್ಗುಲಿಗೆ ಉಕ್ಕಿನ ಸಣ್ಣ ಎಳೆಯೊಂದು ಮಡಚಿಕೊಂಡು ಏಳುತ್ತದೆ. ಬೆನ್ನಿನ ಕಡೆಯಿಂದ ಅಂಚಿನ ಹೊರಗೆ ಹೆಬ್ಬೆರಳನ್ನು ಹಗುರವಾಗಿ ಜಾರಿಸಿದರೆ ಅದು ಬೆರಳಿಗೆ ಗರಗರ ತಾಗುತ್ತದೆ. ಹಿಡಿಯಿಂದ ತುದಿಯವರೆಗೂ ಆ ಎಳೆ ಎದ್ದ ಮೇಲೆಯೇ ಚಾಕುವನ್ನು ಮಗುಚಬೇಕು. ಎಣಿಸಿಕೊಂಡು ಈ ಕಡೆ ಹತ್ತು, ಆ ಕಡೆ ಹತ್ತು ಉಜ್ಜುತ್ತಿದ್ದ ನನಗೆ ಈ ಒಂದು ಗುರುತು ತಿಳಿದ ದಿನದಿಂದ ಕೈ ಕೂಡಿಬಂತು. ಕೊನೆಗೆ ನಯ ಮುಖದ ಮೇಲೆ ಒತ್ತಡವಿಲ್ಲದೆ ನಾಲ್ಕಾರು ಸಲ ಮಗ್ಗುಲು ಬದಲಿಸುತ್ತ ಎಳೆದರೆ ಆ ಎಳೆ ಕಳಚಿಹೋಗುತ್ತದೆ.

ಈಳಿಗೆಯ ಮಟ್ಟಿಗೆ ಈ ಕಲ್ಲಿನಲ್ಲಿ ನನಗೆ ಒಂದೂ ಕೊರತೆ ಕಂಡಿಲ್ಲ. ಮಣೆಗೆ ಬಿಗಿದ ಬಾಗಿದ ಅಲಗನ್ನು ಕಲ್ಲಿನ ಮೇಲೆ ಆಡಿಸಲು ಬರುವುದಿಲ್ಲವಾದ್ದರಿಂದ ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು, ಕಲ್ಲನ್ನೇ ಕೈಯಲ್ಲಿ ಹಿಡಿದು, ಅಲಗಿನ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಸವರಬೇಕಾಗುತ್ತದೆ, ಮತ್ತು ಬೆರಳುಗಳು ಕಲ್ಲಿನ ಅಂಚಿನಿಂದ ಹೊರಗೆ ಚಾಚದಂತೆ ನೋಡಿಕೊಳ್ಳಬೇಕು. ನಮ್ಮ ಈಳಿಗೆ ಹಳೆಯ ಕಬ್ಬಿಣದ್ದು, ಬೇಗ ಹರಿತವಾಗುತ್ತದೆ. ಅದರ ಮೇಲೆ ಉಳ್ಳಾಗಡ್ಡಿ ಹೆಚ್ಚುವಾಗ ಅವ್ವನ ಕಣ್ಣಲ್ಲಿ ಮೊದಲಿನಷ್ಟು ನೀರು ಬರುತ್ತಿಲ್ಲ. ಹರಿತವಾದ ಅಲಗು ಗಡ್ಡೆಯನ್ನು ಜಜ್ಜದೆ ಕತ್ತರಿಸುವುದರಿಂದ ಕಣ್ಣುರಿಸುವ ಅನಿಲ ಕಡಿಮೆ ಹೊರಬೀಳುತ್ತದೆ.

ಸ್ಟೀಲ್ ಚಾಕುವಿಗೆ ಮಾತ್ರ ಇದರ ನಯ ಮುಖವೂ ಒರಟೇ. ಕಾಗದ ಹರಿಯುತ್ತದೆ, ಆದರೆ ಹಣ್ಣಾದ ಟೊಮ್ಯಾಟೊದ ಸಿಪ್ಪೆಯ ಮೇಲೆ ಚಾಕು ಜಾರುತ್ತದೆ. ಅದಕ್ಕೆಂದು ಇನ್ನೂ ನಯವಾದ, 1000 ಗ್ರಿಟ್‌ನ (ಈ ಅಂಕಿ ಏರಿದಷ್ಟೂ ಕಲ್ಲಿನ ಕಣ ಸಣ್ಣ) ಇನ್ನೊಂದು ಕಲ್ಲನ್ನು ತರಿಸಿಕೊಳ್ಳಬೇಕಾಯಿತು, ಮತ್ತು ಆ ಖರ್ಚು ವ್ಯರ್ಥವಾಗಲಿಲ್ಲ. ಸೀಳಿನೊಳಗೆ ಚಾಕುವನ್ನು ಎಳೆದು ಹರಿತ ಮಾಡುವ ಪ್ಲಾಸ್ಟಿಕ್ ಸಾಧನವನ್ನೂ ಬಳಸಿ ನೋಡಿದ್ದೇನೆ. ಅದು ಅಂಚನ್ನು ಮಸೆಯುವುದಿಲ್ಲ, ಹೆರೆಯುತ್ತದೆ. ಯಾರಿಗೂ ಅದನ್ನು ಕೊಳ್ಳಿರಿ ಎಂದು ನಾನು ಹೇಳಲಾರೆ.

ಹೊಲದಲ್ಲಿ ಕಬ್ಬು ಕಡಿಯುವ ಕೊಯ್ತಾಕ್ಕೆ ಒರಟು ಮುಖವೊಂದೇ ಸಾಕು, ಕೋನ ಮಾತ್ರ 25 ಡಿಗ್ರಿಗೆ ಏರಬೇಕು. ತೆಳ್ಳಗೆ ಮಸೆದ ಬಾಯಿ ಕಬ್ಬಿನ ಗಿಣ್ಣಿಗೆ ಬಡಿದು ಮಡಚಿಕೊಳ್ಳುತ್ತದೆ. ಕುಡುಗೋಲಿನ ಒಳಬಾಗಿಗೆ ಈ ಚಪ್ಪಟೆ ಕಲ್ಲಿನ ಮೂಲೆಯಷ್ಟೇ ತಾಗುವುದರಿಂದ, ದೋಣಿಯಾಕಾರದ ಕಲ್ಲು ಅದಕ್ಕೆ ಹೆಚ್ಚು ಒಪ್ಪುತ್ತದೆ. ಹಲ್ಲಿರುವ ಕುಡುಗೋಲಾದರೆ ಹಲ್ಲಿನ ಮಗ್ಗುಲನ್ನು ಮುಟ್ಟದೆ ಚಪ್ಪಟೆ ಮಗ್ಗುಲನ್ನಷ್ಟೇ ಉಜ್ಜಬೇಕು.

ಕಲ್ಲಿನ ದೊಡ್ಡ ದೋಷವೆಂದರೆ ಅದು ನಡುವೆ ಬೇಗ ಸವೆಯುತ್ತದೆ. ಆರು ತಿಂಗಳಿಗೆ ನಡುಭಾಗದಲ್ಲಿ ತಗ್ಗು ಬಿದ್ದು, ಹಿಡಿದ ಕೋನ ನಿಲ್ಲದಾಯಿತು. ಸಮತಟ್ಟಾದ ಗ್ರಾನೈಟ್ ತುಂಡಿನ ಮೇಲೆ ನೀರಿಗೆ ತಾಳುವ ಪಾಲಿಶ್ ಪೇಪರ್ ಹಾಸಿ, ಕಲ್ಲನ್ನು ಅದರ ಮೇಲೆ ಬೋರಲಾಗಿ ಉಜ್ಜಿ ಸಮ ಮಾಡಿದೆ. ಹೊಸ ಕಲ್ಲುಗಳಲ್ಲೂ ಕೆಲವು ಸೊಟ್ಟ ಇರುತ್ತವೆ. ಕೊಳ್ಳುವವರು ಅಂಗಡಿಯಲ್ಲೇ ಉಕ್ಕಿನ ಸ್ಕೇಲನ್ನು ಅದರ ಮೇಲೆ ಅಂಚಿನಿಂದ ನಿಲ್ಲಿಸಿ, ಬೆಳಕಿಗೆ ಹಿಡಿದು, ಕೆಳಗೆ ಸಂದು ಕಾಣದ ಕಲ್ಲನ್ನೇ ಆರಿಸಿಕೊಳ್ಳಬೇಕು.