ಜಮಖಂಡಿಯ ಹಿಂಡಿ ಅಂಗಡಿ: ಚೀಲದಲ್ಲಿ ಏನಿದೆ ಅಂತ ಬಿಚ್ಚಿ ಹೇಳುತ್ತಾರೆ

ಎಪಿಎಂಸಿ ಹತ್ತಿರದ ಈ ಅಂಗಡಿಯಿಂದಲೇ ನಮ್ಮ ಆಕಳು, ಎಮ್ಮೆಗೆ ಹಿಂಡಿ ತರುತ್ತೇವೆ. ಹತ್ತಿಕಾಳು ಹಿಂಡಿ ತಾಜಾ, ಮುಗ್ಗು ವಾಸನೆ ಇಲ್ಲ. ರೇಟು ಸ್ವಲ್ಪ ಜಾಸ್ತಿ. ಆದರೂ ನಾನು ಅಲ್ಲಿಗೇ ಹೋಗುವುದು ಖನಿಜ ಮಿಶ್ರಣಕ್ಕಾಗಿ.

ಅದರಲ್ಲಿ ಡಿಸಿಪಿ, ಅಂದರೆ ಡೈಕ್ಯಾಲ್ಸಿಯಂ ಫಾಸ್ಫೇಟ್ ಅನ್ನುವ ಕ್ಯಾಲ್ಸಿಯಂ, ರಂಜಕದ ಪುಡಿ ಇರುತ್ತದೆ. ಅದನ್ನು ರಂಜಕದ ಕಲ್ಲಿನಿಂದಲೂ ಮಾಡುತ್ತಾರೆ, ಎಲುಬಿನಿಂದಲೂ ಮಾಡುತ್ತಾರೆ. ಪುಡಿ ನೋಡಿದರೆ ಗೊತ್ತಾಗುವುದಿಲ್ಲ. "ಕಾಕಾ, ಇದು ಎಲುಬಿಂದೇನ್ರಿ?" ಅಂತ ಅಂಗಡಿಯವರನ್ನು ಕೇಳಿದೆ. "ಎಲ್ಲಾ ಚಲೋ ಐತ್ರಿ" ಅಂತ ಸಾಗಹಾಕಲಿಲ್ಲ. ಚೀಲ ಹೊರಳಿಸಿ, ಹೊಲಿಗೆ ಪಕ್ಕದ ಚೀಟಿಯ ಧೂಳು ಒರೆಸಿ, ಬೆರಳಿಟ್ಟು ತೋರಿಸಿದರು. "ಕಲ್ಲಿಂದು ರೀ ಅಕ್ಕಾರ. ಎಲುಬಿಂದು ನಾ ತರಿಸೂದಿಲ್ಲ."

ಇಷ್ಟು ಕೇಳುವುದು ದನದ ಮಿದುಳು ಕೆಡಿಸುವ ಹುಚ್ಚು ಹಸು ರೋಗದ ಸಲುವಾಗಿ. 1986ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾದ ಈ ರೋಗ ಹಬ್ಬಿದ್ದೇ ದನದ ಆಹಾರಕ್ಕೆ ಬೆರೆಸಿದ ಮಾಂಸ, ಎಲುಬಿನ ಪುಡಿಯಿಂದ. ಅಲ್ಲಿ 1,80,000ಕ್ಕೂ ಹೆಚ್ಚು ದನಗಳಿಗೆ ಬಂತು. ರೋಗ ತರುವ ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನು ಕುದಿಸಿದರೂ ಹೋಗುವುದಿಲ್ಲ. 2004ರಲ್ಲಿ ಇಟಲಿ, ಫ್ರಾನ್ಸ್‌ನವರು ಈ ರೋಗದ ಬೇರೆ ರೂಪಗಳನ್ನು ಗುರುತಿಸಿದರು. ಎಲ್ ಮಾದರಿ, ಎಚ್ ಮಾದರಿ. ಇವು ಕಾಣುವುದು ಹೆಚ್ಚಾಗಿ ಎಂಟು ವರ್ಷ ದಾಟಿದ ದನಗಳಲ್ಲಿ. ಎಲ್ಲೋ ಒಂದಕ್ಕೆ ತಾನಾಗಿಯೇ ಬರುತ್ತದೆ ಅಂತ ತಜ್ಞರ ಎಣಿಕೆ. 2023ರಲ್ಲಿ ಬ್ರೆಜಿಲ್‌ನಲ್ಲಿ ಇಂಥ ಒಂದೇ ಒಂದು ದನ ಸಿಕ್ಕಿದ್ದಕ್ಕೆ ಚೀನಾಕ್ಕೆ ಮಾಂಸ ಕಳಿಸುವುದು ಕೆಲ ವಾರ ನಿಂತಿತ್ತು.

ನಮ್ಮ ದೇಶ ಈ ರೋಗದ ಅಪಾಯ ತೀರಾ ಕಡಿಮೆ ಇರುವ ದೇಶಗಳ ಪಟ್ಟಿಯಲ್ಲಿದೆ. ಹೆದರಬೇಕಿಲ್ಲ. ಆದರೆ ನಮ್ಮ ಕಡೆ ಕಿಲಾರಿ ಆಕಳು ಮುದಿಯಾದರೂ ಮನೆಯಲ್ಲೇ ಇರುತ್ತದೆ, ಅಲ್ವಾ? "ತಾನಾಗಿ ಬರುವುದಾದರೆ ಎಲುಬಿನ ಪುಡಿಯದೇನು ತಪ್ಪು?" ಅಂತ ನಮ್ಮ ಮೈದುನ ಕೇಳುತ್ತಾನೆ. ತಾನಾಗಿ ಬಂದರೆ ಒಂದು ದನಕ್ಕೆ ಬರುತ್ತದೆ. ಅದರ ಎಲುಬು ಪುಡಿಯಾಗಿ ಬೇರೆ ದನದ ಹೊಟ್ಟೆ ಸೇರಿದರೆ? ಎಲ್ ಮಾದರಿ ಬಾಯಿಯಿಂದಲೂ ದನಕ್ಕೆ ಹತ್ತುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಹಾಲಿನ ದನಕ್ಕೆ ಮಾಂಸ, ಎಲುಬಿನ ಪುಡಿ ತಿನ್ನಿಸಬಾರದು ಅಂತ ನಮ್ಮಲ್ಲೂ ನಿಯಮವಿದೆ. ನಿಯಮ ಇದ್ದರೆ ಸಾಲದು, ಅಂಗಡಿಯಲ್ಲಿ ನಿಂತು ಕೇಳಬೇಕು.

ಒಂದು ತಕರಾರಿದೆ. ಕಿಲೋ ಲೆಕ್ಕದಲ್ಲಿ ಮಾರುವ ಬಿಡಿ ಪುಡಿಯನ್ನು ನೀಲಿ ಡ್ರಮ್ಮಿನಲ್ಲಿ ಇಟ್ಟಿರುತ್ತಾರೆ. ಅದರ ಮೇಲೆ ಯಾವ ಚೀಟಿಯೂ ಇಲ್ಲ. ಕಾಕಾಗೆ ಹೇಳಿದ್ದೇನೆ, ಖಾಲಿ ಚೀಲದ ಚೀಟಿ ಕತ್ತರಿಸಿ ಅಂಟಿಸುತ್ತೇನೆ ಅಂದಿದ್ದಾರೆ. ಅಲ್ಲಿವರೆಗೆ ಹೊಲಿಗೆ ಬಿಚ್ಚದ ಚೀಲವನ್ನೇ ಕೊಳ್ಳಿ.