ಸೈಲೆನ್ಸರ್ ಸ್ಟಡ್ ತುಂಡಾಯಿತಾ? ಈಜಿ-ಔಟ್ ಹಾಕಲು ಬಿಡಬೇಡಿ

ಮಂಗಳೂರು, ಉಡುಪಿ ಕಡೆ ಹತ್ತು ವರ್ಷ ದಾಟಿದ ಕಾರು ಇಟ್ಟುಕೊಂಡವರು ಇದನ್ನೊಮ್ಮೆ ಓದಿ. ಇಂಜಿನ್ ಹೆಡ್ಡಿಗೆ (ಇಂಜಿನ್ನಿನ ಮೇಲಿನ ಭಾಗ) ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಸಾಗಿಸುವ ಭಾಗ, ಹಿಡಿದಿಡುವ ಸ್ಟಡ್ (ತಲೆಯಿಲ್ಲದ ಬೋಲ್ಟ್) ಬಿಚ್ಚುವಾಗ ತುಂಡಾಗುವುದು ನಮ್ಮೂರಲ್ಲಿ ದೊಡ್ಡ ವಿಷಯವೇನಲ್ಲ. ಎಂಥ ಒಳ್ಳೆ ಮೆಕ್ಯಾನಿಕ್ ಕೈಯಲ್ಲೂ ಆಗುತ್ತದೆ. ಈಜಿ-ಔಟ್ ಎಂದರೆ ಒಳಗುಳಿದ ತುಂಡಿಗೆ ತೂತು ಕೊರೆದು, ಅದರೊಳಗೆ ತುರುಕಿ ತಿರುಗಿಸಿ ತೆಗೆಯುವ ಉಪಕರಣ. ಆದರೆ ತುಂಡಾದ ಮೇಲಿನ ಅರ್ಧ ಗಂಟೆಯಲ್ಲಿ ಅವರು ಏನು ಮಾಡುತ್ತಾರೆ ನೋಡಿ, ನಿಮ್ಮ ಬಿಲ್ಲು ಅಲ್ಲಿ ನಿರ್ಧಾರವಾಗುತ್ತದೆ. ನನ್ನದು ಹೆಡ್ ಬಿಚ್ಚುವವರೆಗೆ ಹೋಯಿತು.

ಶುರುವಾದದ್ದು ಸಣ್ಣ ಸದ್ದಿನಿಂದ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗೆ ಟಿಕ್ ಟಿಕ್ ಟಿಕ್. ಪಡೀಲು ದಾಟುವಷ್ಟರಲ್ಲಿ ಮಾಯ. ಟ್ಯಾಪೆಟ್ (ಇಂಜಿನ್ ವಾಲ್ವ್ ಒತ್ತುವ ಭಾಗ) ಸೌಂಡ್ ಎಂದು ಒಬ್ಬರು ಹೇಳಿದರು, ಟ್ಯಾಪೆಟ್ ಸೆಟ್ಟಿಂಗ್ ಮಾಡಿಸಿಯೂ ಆಯಿತು, ಸದ್ದು ಹೋಗಲಿಲ್ಲ. ಆಮೇಲೆ ಟಾರ್ಚ್ ಹಿಡಿದು ನೋಡಿದರೆ ಮ್ಯಾನಿಫೋಲ್ಡ್ ಮತ್ತು ಹೆಡ್ ಸೇರುವಲ್ಲಿ ಒಂದು ಬದಿಗೆ ಕಪ್ಪು ಮಸಿ ಹಿಡಿದಿತ್ತು. ಎರಡರ ನಡುವಿನ ಪ್ಯಾಕಿಂಗ್ (ಗ್ಯಾಸ್ಕೆಟ್) ಹೋಗಿ ಅಲ್ಲಿಂದ ಹೊಗೆ ಚಿಮ್ಮುತ್ತಿತ್ತು. ಇಂಜಿನ್ ಬಿಸಿಯಾದಾಗ ಮ್ಯಾನಿಫೋಲ್ಡಿನ ಬೀಡುಕಬ್ಬಿಣ ಹಿಗ್ಗಿ ಸಂದು ಮುಚ್ಚುತ್ತದೆ, ಅದಕ್ಕೇ ಸದ್ದು ನಿಲ್ಲುತ್ತಿದ್ದದ್ದು. ಮೈಲೇಜ್ ಇಳಿದದ್ದಕ್ಕೂ ಕಾರಣ ಸಿಕ್ಕಿತು: ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿಗಿಂತ ಮುಂಚೆ ಲೀಕ್ ಇದ್ದರೆ ಹೊರಗಿನ ಗಾಳಿಯೂ ಒಳಗೆ ಸೇರುತ್ತದೆ, ಪೆಟ್ರೋಲ್ ಸಾಲುತ್ತಿಲ್ಲ ಎಂದುಕೊಂಡು ಇಸಿಯು (ಇಂಜಿನ್ನಿನ ಕಂಪ್ಯೂಟರ್) ಇನ್ನಷ್ಟು ಸುರಿಯುತ್ತದೆ.

ಹೈವೇ ಬದಿಯ ಒಂದು ಗ್ಯಾರೇಜಿಗೆ ಕೊಟ್ಟೆ. ಹೆಸರು ಕೇಳಬೇಡಿ, ಹೇಳುವುದಿಲ್ಲ. "ಎಂತ ಇಲ್ಲ ಮಾರಾಯ್ರೆ, ಪ್ಯಾಕಿಂಗ್ ಚೇಂಜ್ ಮಾಡಿದ್ರೆ ಆಯ್ತು, ಸಂಜೆಗೆ ಬನ್ನಿ" ಎಂದರು. ನಾನು ಅಲ್ಲಿದ್ದಷ್ಟು ಹೊತ್ತು ಕಂಡದ್ದು ಇಷ್ಟು: ತುಕ್ಕು ಬಿಡಿಸುವ ಸ್ಪ್ರೇ ಹೊಡೆದರು, ಅದು ಇಳಿಯಲು ಐದು ನಿಮಿಷವೂ ಬಿಡದೆ ಸ್ಪ್ಯಾನರಿಗೆ ಉದ್ದದ ಪೈಪ್ ಸಿಕ್ಕಿಸಿ ಎಳೆದರು. ಕಟಕ್. "ಒಂದು ಹೋಯ್ತು, ತೊಂದರೆ ಇಲ್ಲ, ಈಜಿ-ಔಟ್ ಉಂಟು." ಸಂಜೆ ಕಾರು ಸಿಕ್ಕಿತು, ಸದ್ದೂ ಇರಲಿಲ್ಲ. ಬಿಲ್ಲಿನಲ್ಲಿ "ಸ್ಟಡ್ ರಿಮೂವಲ್" ಎಂದು ಬರೆದು ದುಡ್ಡನ್ನೂ ತೆಗೆದುಕೊಂಡಿದ್ದರು.

ಸದ್ದು ವಾಪಸ್ ಬಂತು, ಮೊದಲಿಗಿಂತ ಜೋರಾಗಿ. ಅದಾದರೂ ಪರವಾಗಿಲ್ಲ. ಜೋರು ಮಳೆಯಲ್ಲಿ ಗಾಜು ಏರಿಸಿಕೊಂಡು ಉಡುಪಿಯಿಂದ ಬರುವಾಗ ಪಡುಬಿದ್ರಿ ಹತ್ತಿರ ಹೆಂಡತಿಗೆ ತಲೆನೋವು, ಹಿಂದೆ ಕೂತ ಮಗಳಿಗೆ ಹೊಟ್ಟೆ ತೊಳಸುವುದು. ಗಾಜು ಇಳಿಸಿ, ಮಳೆ ಒಳಗೆ ಹೊಡೆದರೂ ಹಾಗೇ ಬಂದೆವು, ಇಬ್ಬರೂ ಸುಧಾರಿಸಿದರು. ಕಾರಿನೊಳಗೆ ಗಾಳಿ ಬರುವ ದಾರಿ ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ಟಿನ ಹಿಂದೆಯೇ ಇದೆ. ಅಲ್ಲಿಂದ ಹೊಗೆ ಜೊತೆ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊಗೆ ವಾಸನೆ ಬರಲಿಲ್ಲವಲ್ಲ ಎಂದು ಧೈರ್ಯ ಮಾಡಬೇಡಿ. ಲೀಕ್ ಇದೆ ಎಂದು ಗೊತ್ತಿದ್ದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ದೂರ ಹೋಗುವುದು ಬೇಡವೇ ಬೇಡ.

ಮರುದಿನ ಪರಿಚಯದವರೊಬ್ಬರು ಬೈಕಂಪಾಡಿ ಕಡೆಯ ಒಂದು ಲೇತ್ ಶಾಪಿಗೆ ಕಳಿಸಿದರು. ಅಲ್ಲಿನ ಮೇಸ್ತ್ರಿ ಹಿಂದೆ ಮಲ್ಪೆಯಲ್ಲಿ ಬೋಟ್ ಇಂಜಿನ್ ಕೆಲಸ ಮಾಡಿದವರು. ತುಕ್ಕು ಅಂದರೆ ಏನೆಂದು ಅವರಿಗೆ ಪಾಠ ಹೇಳಬೇಕಾಗಿಲ್ಲ. ಮ್ಯಾನಿಫೋಲ್ಡ್ ಇಳಿಸಿ ನನ್ನನ್ನು ಕರೆದರು. ತುಂಡಾದದ್ದು ಒಂದಲ್ಲ, ಎರಡು. ಒಂದರ ಮೇಲೆ ಸೈಲೆನ್ಸರ್ ಪೇಸ್ಟ್ ಮೆತ್ತಿ ಮುಚ್ಚಿದ್ದರು. ಇನ್ನೊಂದರಲ್ಲಿ ತೂತು ಸೆಂಟರ್ ತಪ್ಪಿ ಒಂದು ಬದಿಯ ಅಲ್ಯೂಮಿನಿಯಂ ತಿಂದಿತ್ತು, ತೂತಿನೊಳಗೆ ಈಜಿ-ಔಟ್ ಮುರಿದು ಕೂತಿತ್ತು.

ಪೇಸ್ಟ್ ಮೆತ್ತಿದ್ದರಲ್ಲಾ, ಅದು ಒಂದು ರೀತಿ ನನ್ನ ಪುಣ್ಯ. ಆ ತುಂಡನ್ನು ಯಾರೂ ಮುಟ್ಟಿರಲಿಲ್ಲ. ಮೇಸ್ತ್ರಿ ಬ್ಯಾಟರಿ ಕಳಚಿದರು, ತುಂಡಿನ ಮೂತಿಯನ್ನು ವೈರ್ ಬ್ರಶ್ಶಿನಿಂದ ಉಜ್ಜಿದರು, ಅದರ ಮೇಲೊಂದು ನಟ್ಟು ಇಟ್ಟು ನಟ್ಟಿನ ತೂತಿನೊಳಗಿಂದಲೇ ವೆಲ್ಡಿಂಗ್ ಮಾಡಿದರು. ಕಬ್ಬಿಣದ ವೆಲ್ಡಿಂಗ್ ಅಲ್ಯೂಮಿನಿಯಂ ಹೆಡ್ಡಿಗೆ ಹಿಡಿಯುವುದಿಲ್ಲ. ಕೆಂಪು ಆರುವವರೆಗೆ ಸುಮ್ಮನೆ ನಿಂತರು. ಆಮೇಲೆ ಮೇಣದಬತ್ತಿಯನ್ನು ಆ ಬಿಸಿಗೆ ತಾಗಿಸಿದರು. ಮೇಣ ಕರಗಿ ಥ್ರೆಡ್ಡಿನ ಸಂದಿಗೆ ಸರಸರ ಇಳಿಯಿತು. ಸ್ಪ್ಯಾನರ್ ಹಾಕಿ ಬಿಚ್ಚುವ ಕಡೆ ಸ್ವಲ್ಪ, ಬಿಗಿ ಮಾಡುವ ಕಡೆ ಸ್ವಲ್ಪ, ಮತ್ತೆ ಬಿಚ್ಚುವ ಕಡೆ. ಕಿರ್‍ರ್ ಎನ್ನುತ್ತ ತುಂಡು ಹೊರಗೆ ಬಂತು, ಥ್ರೆಡ್ಡಿಗೆ ಒಂದು ಗೀರೂ ಇಲ್ಲ.

ಈಜಿ-ಔಟ್ ಮುರಿದ ತೂತಿಗೆ ಈ ಉಪಾಯ ನಡೆಯಲಿಲ್ಲ. ಸ್ವಲ್ಪ ಯೋಚನೆ ಮಾಡಿ: ಸ್ಟಡ್ ಇಡಿಯಾಗಿದ್ದಾಗಲೇ ತಿರುಗದೆ ತುಂಡಾಗಿದೆ. ಅದರ ನಡುವೆ ತೂತು ಕೊರೆದು, ಅದಕ್ಕಿಂತ ತೆಳ್ಳಗಿನ ಉಪಕರಣ ತುರುಕಿ ತಿರುಗಿಸಿದರೆ ಅದು ಬರುತ್ತದಾ? ಸಾಲದ್ದಕ್ಕೆ ಅದು ಬೆಣೆ ಹೊಡೆದ ಹಾಗೆ ತುಂಡನ್ನು ಒಳಗಿಂದ ಹಿಗ್ಗಿಸಿ ಇನ್ನೂ ಬಿಗಿ ಮಾಡುತ್ತದೆ. ಈಜಿ-ಔಟ್ ಗಟ್ಟಿ ಉಕ್ಕು, ಬಾಗದೆ ಫಟ್ಟನೆ ಮುರಿಯುತ್ತದೆ. ಮುರಿದ ಮೇಲೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ, ಜಾರಿ ಪಕ್ಕದ ಮೆತ್ತಗಿನ ಅಲ್ಯೂಮಿನಿಯಂ ಕೊರೆಯುತ್ತದೆ. ಕೊನೆಗೆ ಹೆಡ್ ಬಿಚ್ಚಿ, ಮಿಲ್ಲಿಂಗ್ ಮಷೀನಿನಲ್ಲಿ ಕಟ್ಟಿ, ಕಾರ್ಬೈಡ್ ಕಟ್ಟರಿನಿಂದ ತೆಗೆದು ಹೆಲಿಕಾಯಿಲ್ (ಹಾಳಾದ ಥ್ರೆಡ್ಡಿನ ಜಾಗಕ್ಕೆ ಕೂರಿಸುವ ತಂತಿಯ ಸುರುಳಿ) ಹಾಕಬೇಕಾಯಿತು. ಹೆಡ್ ಬಿಚ್ಚಿದರೆ ಹೆಡ್ ಪ್ಯಾಕಿಂಗ್, ಕೂಲಂಟ್, ಟೈಮಿಂಗ್ ಎಲ್ಲ ಸೇರಿಯೇ ಬರುತ್ತದಲ್ಲ. ಪ್ಯಾಕಿಂಗಿಗೆಂದು ಹೋದ ಕೆಲಸ!

ನಮ್ಮ ಕಡೆ ಇದು ಯಾಕೆ ಹೆಚ್ಚು ಅಂದರೆ, ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಉಳಿದ ದಿನ ಉಪ್ಪುಗಾಳಿ. ಉಕ್ಕಿನ ಸ್ಟಡ್, ಅಲ್ಯೂಮಿನಿಯಂ ಹೆಡ್: ಎರಡು ಬೇರೆ ಲೋಹದ ನಡುವೆ ಉಪ್ಪಿನ ತೇವ ಕೂತರೆ ತುಕ್ಕು ಬೇಗ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗುತ್ತದೆ. ದಿನಾ ಕಾದು ತಣಿದು ಥ್ರೆಡ್ ಕಚ್ಚಿಕೊಳ್ಳುತ್ತದೆ. ಸಣ್ಣ ಕಾರುಗಳಲ್ಲಿ ಈ ಸ್ಟಡ್ ಸಾಮಾನ್ಯವಾಗಿ 8 ಮಿ.ಮೀ. ದಪ್ಪ ಅಷ್ಟೆ. ಪೈಪ್ ಸಿಕ್ಕಿಸಿ ಎಳೆಯುವ ಬಲಕ್ಕೆ ಅದು ಯಾವ ಲೆಕ್ಕ?

ಹಾಗಾಗಿ ಕಾರು ಕೊಡುವ ಮುಂಚೆಯೇ ಕೇಳಿ: "ಸ್ಟಡ್ ತುಂಡಾದ್ರೆ ಎಂತ ಮಾಡ್ತೀರಿ?" ನಟ್ಟು ವೆಲ್ಡ್ ಮಾಡುತ್ತೇವೆ, ಇಲ್ಲದಿದ್ದರೆ ಲೇತಿಗೆ ಕಳಿಸುತ್ತೇವೆ ಅಂದರೆ ಕೊಡಿ. ಈಜಿ-ಔಟ್ ಎಂದರೆ ನಮಸ್ಕಾರ ಹೇಳಿ ಬನ್ನಿ. ಹಿಂದಿನ ದಿನವೇ ಕಾರು ಬಿಟ್ಟು, ತುಕ್ಕಿನ ಎಣ್ಣೆ ರಾತ್ರಿಯಿಡೀ ಇಳಿಯಲಿ ಎನ್ನಿ. ನಟ್ಟು ಬಿಸಿ ಮಾಡಲು ಗ್ಯಾಸ್ ಬೆಂಕಿ ಹಿಡಿಯುವುದಾದರೆ ಆ ಎಣ್ಣೆ ಪೂರ್ತಿ ಒರೆಸಿ, ನಟ್ಟಿಗೆ ಮಾತ್ರ ಹಿಡಿಯಲಿ. ಅಲ್ಯೂಮಿನಿಯಂ ಕೆಂಪಾಗಿ ಎಚ್ಚರಿಕೆ ಕೊಡುವ ಲೋಹವಲ್ಲ, 660 ಡಿಗ್ರಿಯೊಳಗೇ ಸೀದಾ ಕರಗುತ್ತದೆ. ತುಂಡಾದರೆ ಕೆಲಸ ನಿಲ್ಲಿಸಿ ಫೋನ್ ಮಾಡಬೇಕು, ಫೋಟೋ ಕಳಿಸಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಒಂದು ತುಂಡಾದರೆ ಉಳಿದವನ್ನೂ ನಂಬಬೇಡಿ, ಎಲ್ಲ ಸ್ಟಡ್, ನಟ್ಟು ಹೊಸತೇ ಹಾಕಿಸಿ. ಮ್ಯಾನಿಫೋಲ್ಡಿನ ಮುಖ ಸೊಟ್ಟಗಾಗಿದೆಯಾ ಎಂದು ನೇರ ಪಟ್ಟಿ ಇಟ್ಟು ನೋಡಲಿ. ಸೊಟ್ಟಗಿದ್ದರೆ ಹೊಸ ಪ್ಯಾಕಿಂಗೂ ಬಾಳುವುದಿಲ್ಲ.

ಆ ಗ್ಯಾರೇಜಿಗೆ ಹೋಗಿ ಮುರಿದ ಚೂರು ತೋರಿಸಿದೆ. "ಹಳೇ ಗಾಡಿ ಅಲ್ವಾ ಸಾರ್, ನಾವೆಂತ ಮಾಡ್ಲಿಕ್ಕೆ ಆಗ್ತದೆ" ಎಂದರು. ತುಂಡಾದದ್ದಕ್ಕೆ ನನಗೆ ಸಿಟ್ಟಿಲ್ಲ, ಪೇಸ್ಟ್ ಮೆತ್ತಿ ಮುಚ್ಚಿಟ್ಟದ್ದಕ್ಕೆ ಎಂದೆ. ಸ್ಟಡ್ ತೆಗೆದ ಲೆಕ್ಕದಲ್ಲಿ ಪಡೆದ ಹಣ ಮಾತ್ರ ವಾಪಸ್ ಕೊಟ್ಟರು, ಹೆಡ್ಡಿನ ಖರ್ಚು ನನ್ನ ತಲೆ ಮೇಲೆಯೇ. ಬಿಲ್ಲು, ಮುರಿದ ಈಜಿ-ಔಟಿನ ಫೋಟೋ ಎರಡೂ ಇಟ್ಟುಕೊಂಡಿದ್ದೇನೆ. ಗ್ರಾಹಕರ ಆಯೋಗಕ್ಕೆ ಹೋಗುವುದೋ ಬೇಡವೋ ಇನ್ನೂ ತೀರ್ಮಾನ ಮಾಡಿಲ್ಲ. ನಿಮಗೂ ಹೀಗೆ ಆಗಿದ್ದರೆ ಹಳೇ ಪಾರ್ಟ್ ಎಲ್ಲ ಕೇಳಿ ತೆಗೆದುಕೊಳ್ಳಿ, ಗುಜರಿಗೆ ಹಾಕಲು ಬಿಡಬೇಡಿ.