ಗೈಡಿನೊಳಗೊಂದು ಒಳ್ಳೆಯ ಅಧ್ಯಾಯ: ಚರ್ಚ್ ಕಟ್ಟಿದ ಶಿಕ್ಷಕರ ಕಾಲೇಜುಗಳ ಚರಿತ್ರೆ

ಬಿ.ಎಡ್. ತರಗತಿಗಳು ಆರಂಭವಾಗುವ ಹೊತ್ತಿಗೆ ಕಲಬುರಗಿಯ ಸೂಪರ್ ಮಾರ್ಕೆಟ್‌ನ ಪುಸ್ತಕದಂಗಡಿಗಳಲ್ಲಿ ಗೈಡುಗಳ ರಾಶಿ ಬೀಳುತ್ತದೆ. ಅವುಗಳಲ್ಲಿ ಶಿಕ್ಷಕರ ಶಿಕ್ಷಣದ ಇತಿಹಾಸವನ್ನು ಕುರಿತ ಒಂದನ್ನು ನನ್ನ ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುತ್ತಿರುವುದರಿಂದ ನಾನೂ ತಂದು ಓದಿದೆ. ಬಹುಪಾಲು ಪುಟಗಳು ಎಲ್ಲ ಗೈಡುಗಳಲ್ಲೂ ಸಿಗುವ ಸರಕೇ ಆಗಿದ್ದರೂ, ಚರ್ಚ್‌ಗಳು ಸ್ಥಾಪಿಸಿದ ತರಬೇತಿ ಕಾಲೇಜುಗಳ ಅಧ್ಯಾಯವೊಂದಕ್ಕಾಗಿಯೇ ಇದನ್ನು ಕೊಳ್ಳಬಹುದು ಎಂಬುದು ನನ್ನ ಅಭಿಪ್ರಾಯ.

ಇಂಗ್ಲೆಂಡಿನ ಕಾಲೇಜುಗಳ ಕಥೆಯನ್ನು ಲೇಖಕರು ಮದ್ರಾಸಿನಿಂದ ಆರಂಭಿಸಿರುವುದು ಸರಿಯಾಗಿದೆ. ಅಲ್ಲಿನ ಅನಾಥ ಬಾಲಕರ ಶಾಲೆಯ ಮೇಲ್ವಿಚಾರಕನಾಗಿದ್ದ ಪಾದ್ರಿ ಆಂಡ್ರ್ಯೂ ಬೆಲ್, ನಮ್ಮ ಕಡೆಯ ಗಾಂವಠಿ (ದೇಶೀಯ) ಶಾಲೆಯಂಥದೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದ. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸುವ ಮಾನಿಟರ್ ಪದ್ಧತಿಯನ್ನು ರೂಪಿಸಿ, 1797ರಲ್ಲಿ ಆ ಬಗ್ಗೆ ಪುಸ್ತಿಕೆಯನ್ನೂ ಪ್ರಕಟಿಸಿದ. 1811ರಲ್ಲಿ ಸ್ಥಾಪನೆಯಾದ ಚರ್ಚ್ ಆಫ್ ಇಂಗ್ಲೆಂಡಿನ ನ್ಯಾಷನಲ್ ಸೊಸೈಟಿ ಅದೇ ಪದ್ಧತಿಯನ್ನು ತನ್ನ ಶಾಲೆಗಳಲ್ಲಿ ಜಾರಿಗೆ ತಂದಿತು. ಒಬ್ಬ ಮಾಸ್ತರರ ಸಂಬಳದಲ್ಲಿ ನೂರಾರು ಮಕ್ಕಳ ಶಾಲೆ ನಡೆಯುತ್ತಿತ್ತು, ಆದರೆ ಕಲಿಕೆ ಬಾಯಿಪಾಠವನ್ನು ದಾಟುತ್ತಿರಲಿಲ್ಲ. ಈ ಕೊರತೆಯಿಂದಲೇ ತರಬೇತಿ ಕಾಲೇಜುಗಳ ಅಗತ್ಯ ಹುಟ್ಟಿತೆಂಬುದನ್ನು ಇಷ್ಟು ಸ್ಪಷ್ಟವಾಗಿ ಬಿಡಿಸಿ ಹೇಳಿದ ಕನ್ನಡ ಗೈಡನ್ನು ನಾನು ಬೇರೆ ಕಂಡಿಲ್ಲ.

ಶಿಕ್ಷಣ ಸುಧಾರಕ ಜೇಮ್ಸ್ ಕೇ 1840ರಲ್ಲಿ ಲಂಡನ್ನಿನ ಬ್ಯಾಟರ್‌ಸಿಯಲ್ಲಿ ತೆರೆದ ಕಾಲೇಜನ್ನೂ ನ್ಯಾಷನಲ್ ಸೊಸೈಟಿ 1841ರಲ್ಲಿ ಚೆಲ್ಸಿಯಲ್ಲಿ ತೆರೆದ ಸೇಂಟ್ ಮಾರ್ಕ್ಸ್ ಕಾಲೇಜನ್ನೂ ಎದುರುಬದುರು ಇಟ್ಟು ನೋಡಿರುವ ಪುಟಗಳು ಇನ್ನೂ ಚೆನ್ನಾಗಿವೆ. ಮೊದಲನೆಯದರಲ್ಲಿ ಭಾವಿ ಶಿಕ್ಷಕರು ತೋಟ ಅಗೆದು, ಮನೆಗೆಲಸವನ್ನು ತಾವೇ ಮಾಡಿಕೊಂಡು ಸರಳವಾಗಿ ಬದುಕಬೇಕಿತ್ತು. ಎರಡನೆಯದರಲ್ಲಿ ಕವಿ ಕೋಲ್‌ರಿಜ್‌ನ ಮಗನಾದ ಪ್ರಾಂಶುಪಾಲ ಡರ್ವೆಂಟ್ ಕೋಲ್‌ರಿಜ್ ಲ್ಯಾಟಿನ್ ಪಾಠಕ್ಕೂ ಪ್ರಾರ್ಥನಾ ಮಂದಿರದ ಗಾಯನಕ್ಕೂ ಮಹತ್ವ ಕೊಟ್ಟಿದ್ದ. ಬಡಮಕ್ಕಳ ಮೇಷ್ಟರಿಗೆ ಇಷ್ಟೆಲ್ಲ ವಿದ್ಯೆ ಏಕೆಂದು ಆಕ್ಷೇಪಿಸಿದವರೂ ಇದ್ದರು. (ಆ ಆಕ್ಷೇಪ ಬೇರೆ ಬೇರೆ ವೇಷದಲ್ಲಿ ಇಂದಿಗೂ ಕಿವಿಗೆ ಬೀಳುತ್ತದೆ.) ಬ್ಯಾಟರ್‌ಸಿ ಕಾಲೇಜು 1843ರಲ್ಲಿ ಸೊಸೈಟಿಯ ವಶಕ್ಕೆ ಬಂದದ್ದು, 1923ರಲ್ಲಿ ಎರಡೂ ಒಂದಾದದ್ದು, 1973ರಲ್ಲಿ ಸಂಸ್ಥೆ ಪ್ಲಿಮತ್‌ಗೆ ಸ್ಥಳಾಂತರಗೊಂಡು ಮುಂದೆ ವಿಶ್ವವಿದ್ಯಾಲಯವಾದದ್ದು ಎಲ್ಲವೂ ಕ್ರಮವಾಗಿ ಬಂದಿದೆ. ಮಹಿಳೆಯರಿಗಾಗಿ 1841ರಲ್ಲೇ ಆರಂಭವಾದ ವೈಟ್‌ಲ್ಯಾಂಡ್ಸ್ ಕಾಲೇಜಿಗೆ ಮಾತ್ರ ಎರಡೇ ಸಾಲು ಸಿಕ್ಕಿರುವುದು ಅನ್ಯಾಯ, ನಮ್ಮ ಬಿ.ಎಡ್. ತರಗತಿಗಳ ಹೆಣ್ಣುಮಕ್ಕಳು ಕುತೂಹಲದಿಂದ ಓದಬಹುದಾಗಿದ್ದ ಭಾಗವೇ ಅದು.

ಭಾರತದ ಭಾಗಕ್ಕೆ ಬಂದಾಗ ಎಚ್ಚರಿಕೆ ಬೇಕು. ಬ್ಯಾಪ್ಟಿಸ್ಟ್ ಮಿಷನರಿಗಳಾದ ಕೇರಿ, ಮಾರ್ಷ್‌ಮನ್ ಮತ್ತು ವಾರ್ಡ್ ಸೇರಿ 1793ರಲ್ಲಿ ಬಂಗಾಳದ ಸೆರಾಂಪುರದಲ್ಲಿ ನಾರ್ಮಲ್ ಶಾಲೆ (ಶಿಕ್ಷಕರ ತರಬೇತಿ ಶಾಲೆ) ತೆರೆದರೆಂದು ಇಲ್ಲಿ ಅಚ್ಚಾಗಿದೆ. ಕೇರಿ ಬಂಗಾಳಕ್ಕೆ ಕಾಲಿಟ್ಟದ್ದೇ ಆ ವರ್ಷದ ನವೆಂಬರಿನಲ್ಲಿ. ಉಳಿದಿಬ್ಬರು ಬಂದದ್ದು 1799ರಲ್ಲಿ. ಮೂವರೂ ಸೆರಾಂಪುರದಲ್ಲಿ ಒಟ್ಟಾಗಿ ನೆಲೆಸಿದ್ದು 1800ರಲ್ಲಿ. ಒಂದು ಗೈಡಿನಿಂದ ಇನ್ನೊಂದಕ್ಕೆ ನಕಲಾಗುತ್ತ ಬಂದಿರುವ ಈ ಇಸವಿಯನ್ನು ವಿದ್ಯಾರ್ಥಿಗಳು ಪ್ರಶ್ನಿಸದೆ ಉರುಹೊಡೆಯುತ್ತಿದ್ದಾರೆ.

ನಮ್ಮ ಭಾಗದ ಓದುಗರಿಗೆ ಇನ್ನೊಂದು ಕೊರತೆ ಎದ್ದು ಕಾಣುತ್ತದೆ. ಶಿಕ್ಷಕರ ತರಬೇತಿಗೂ ಖಾಸಗಿ ಶಾಲೆಗಳ ಅನುದಾನಕ್ಕೂ 1854ರ ವುಡ್ ವರದಿ (ಭಾರತದ ಶಿಕ್ಷಣದ ಬಗ್ಗೆ ಲಂಡನ್ನಿನಿಂದ ಬಂದ ನಿರ್ದೇಶನ ಪತ್ರ) ದಾರಿ ಮಾಡಿತೆಂದು ಬರೆಯುವಾಗ, ಅದು ಬ್ರಿಟಿಷ್ ಪ್ರಾಂತ್ಯಗಳಿಗೆ ಸಂಬಂಧಿಸಿದ್ದೆಂದೂ, 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ಬೀದರ್, ಯಾದಗಿರಿಗಳ ಶಿಕ್ಷಣ ಬೇರೆಯೇ ಆಡಳಿತದ ಕೈಯಲ್ಲಿತ್ತೆಂದೂ ಹೇಳಬೇಕಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿಗೆ ಅರ್ಧ ಪುಟವಿದೆ. ನಮ್ಮ ಈ ಜಿಲ್ಲೆಗಳಲ್ಲಿ ಕೆಲಸ ಮಾಡಿದ ಮೆಥಡಿಸ್ಟ್ ಮಿಷನ್ನಿನ ಹೆಸರೇ ಇಲ್ಲ. ಹೀಗಾಗಿ ಅದೇ ಮಿಷನ್ ಕಟ್ಟಿದ ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆಯನ್ನು ದಿನವೂ ದಾಟಿ ಬರುವ ವಿದ್ಯಾರ್ಥಿಗೂ ಮಿಷನರಿ ಶಿಕ್ಷಣವೆಂದರೆ ಕರಾವಳಿಯ ಸಂಗತಿ ಎಂದೇ ಅನ್ನಿಸುತ್ತದೆ.

ಅಚ್ಚು ಸ್ಪಷ್ಟವಾಗಿದೆ, ಕಾಗದ ಸಾಧಾರಣವಾಗಿದೆ. ಅಧ್ಯಾಯದ ಕೊನೆಯ ಮಾದರಿ ಪ್ರಶ್ನೆಗಳು ಬಹುತೇಕ ಇಸವಿಯನ್ನೇ ಕೇಳುವುದರಿಂದ ಅವನ್ನು ಬಿಟ್ಟು, ಬ್ಯಾಟರ್‌ಸಿ ಮತ್ತು ಸೇಂಟ್ ಮಾರ್ಕ್ಸ್ ಕಾಲೇಜುಗಳ ಹೋಲಿಕೆಯನ್ನೇ ದೀರ್ಘ ಉತ್ತರವಾಗಿ ಬರೆದು ಅಭ್ಯಾಸ ಮಾಡುವಂತೆ ನನ್ನ ತರಗತಿಗೆ ಹೇಳಿದ್ದೇನೆ.